ಅನರ್ಥ ಅಂದರೆ ಅರ್ಥ ಇಲ್ಲ ಅಂತಾನಾ?

ಪ್ರಶ್ನೆ: ಮಗಳು ಪ್ರಬಂಧದಲ್ಲಿ "ಈ ವಾಕ್ಯ ಅನರ್ಥವಾಗಿದೆ" ಅಂತ ಬರೆದಿದ್ದಾಳೆ. ಓದಿದರೆ ಸರಿ ಅನಿಸುತ್ತಿಲ್ಲ. ಯಾಕೆ ಅಂತ ವಿವರಿಸಲು ಬರುತ್ತಿಲ್ಲ. ತಿಳಿದವರು ಹೇಳಿ.

ಉತ್ತರ: ಬಳಕೆಯಲ್ಲಿ ಅನರ್ಥ ಅಂದರೆ ಕೇಡು, ಅನಾಹುತ. ಗ್ಯಾಸ್ ಆಫ್ ಮಾಡದೆ ಮಲಗಿದ್ದರೆ "ದೊಡ್ಡ ಅನರ್ಥ ಆಗ್ತಿತ್ತು" ಅಂತೀವಿ ಅಲ್ವಾ? ವಾಕ್ಯಕ್ಕೆ "ಅರ್ಥಹೀನ" ಸರಿ. ಸಂಸ್ಕೃತದಲ್ಲಿ ಅರ್ಥ ಅಂದರೆ ಹಣ, ಉದ್ದೇಶ, ಪ್ರಯೋಜನ ಕೂಡ. ಅದಕ್ಕೇ ಪ್ರಯೋಜನಕ್ಕೆ ಬಾರದ್ದು ವ್ಯರ್ಥ. ಮದುವೆ ಊಟದಲ್ಲಿ ಎಲೆ ಮೇಲೆ ಬಿಟ್ಟ ಅನ್ನ ವ್ಯರ್ಥ. ಅದನ್ನು ಯಾರೂ ಅರ್ಥಹೀನ ಅನ್ನುವುದಿಲ್ಲ.

ಇನ್ನೊಬ್ಬರು: ಅಪಾರ್ಥ ಬೇರೆ. ಮಾತಿಗೆ ಅರ್ಥ ಇರುತ್ತದೆ, ಕೇಳಿದವರು ತಪ್ಪು ತಿಳಿಯುತ್ತಾರೆ. "ಅಪಾರ್ಥ ಮಾಡ್ಕೋಬೇಡಿ" ಅನ್ನುವುದು ಆಗಲೇ.

ಪ್ರಶ್ನೆ ಕೇಳಿದವರು: "ತಲೆಬುಡ ಇಲ್ಲದ ವಾಕ್ಯ" ಅನ್ನಬಹುದಾ?

ಉತ್ತರ: ಧಾರಾಳವಾಗಿ. ನನಗಂತೂ ಅದೇ ಜಾಸ್ತಿ ಇಷ್ಟ.