ಸಂಜಿಕ ಮನ್ಯಾಗ ಕುಂತು ಮಾಡುವಂಥ ಕೈಕೆಲಸ ಯಾವುದು ಛಲೋ? ಹಳೆ ಇಳಕಲ್ಲ ಸೀರಿ, ಖಣ ಒಂದ ಟ್ರಂಕ್ ಅದಾವ

ಗುಮ್ಮಟದ ಹತ್ರದಾಕಿ (ವಿಜಯಪುರ)

ನಮಸ್ಕಾರ್ರೀ ಎಲ್ಲಾರಿಗೂ, ಒಂದ ಸಲಹಾ ಬೇಕಾಗಿತ್ತು. ನಂದು ಆಫೀಸಿನ ಕೆಲಸ, ಸಂಜಿಕ ಮನಿಗೆ ಬಂದು ಅಡಗಿ ಊಟ ಮುಗಿಸಿ ಕುಂತ್ರ ಮೊಬೈಲ್ ಬಿಟ್ರ ಬ್ಯಾರೆ ಏನೂ ಇಲ್ಲ, ರೀಲ್ಸ್ ತಳ್ಳಕೋತ ತಳ್ಳಕೋತ ಹನ್ನೊಂದ ಹೊಡಿತೈತಿ, ಕಣ್ಣೂ ಉರಿ ತಲಿನೂ ಉರಿ. ಕೈಗೆ ಏನರ ಕೆಲಸ ಹಚ್ಚಬೇಕು ಅನಸಾಕತ್ತೈತಿ. ಆನ್‌ಲೈನ್ ನೋಡಿದ್ರ ರೆಸಿನ್ ಕಿಟ್, ಮಂಡಲ ಆರ್ಟ್, ಕ್ರೋಶಾ, ಡೈಮಂಡ್ ಪೇಂಟಿಂಗ್ ಅಂತ ನೂರಾ ಎಂಟು ಬರತಾವು, ಯಾವುದಕ್ಕೂ ಮೊದಲ ರೊಕ್ಕ ಇಡು ಅಂತಾರ.

ಅವ್ವ ಒಂದ ಟ್ರಂಕ್ ತುಂಬ ಹಳೆ ಇಳಕಲ್ಲ ಸೀರಿ ಕೊಟ್ಟಾಳ, ಕೆಲವು ಮಡಿಕಿ ಇದ್ದಲ್ಲೆ ಹರದಾವು. ಉಡಿ ತುಂಬಿದಾಗ ಬಂದ ಖಣ ಅಂತೂ ಲೆಕ್ಕಾನ ಇಲ್ಲ, ಒಂದೂ ಕುಬಸ ಹೊಲಿಸಿಲ್ಲ, ಈಗಿನ ಅಳತಿಗೆ ಅವು ಸಾಲೂದೂ ಇಲ್ಲ. ಇವನ್ನ ಹಿಡದು ಕೌದಿ ಹೊಲಿಯೂದ ಕಲಿಲೋ, ಕಸೂತಿ ಕಲಿಲೋ, ಇಲ್ಲಾ ಆ ರೆಸಿನ್ನ ತರಲೋ? ಮನಿ ಸಣ್ಣದು, ಏಳ ವರ್ಷದ ಮಗ ಅದಾನ, ಅಂವಾ ಬಂದ ಕೂಡಲೇ ಎತ್ತಿಡಾಕ ಬರಬೇಕು. ಇನ್ನೊಂದ ಮಾತು, ಏನ ಮಾಡ್ತೇನಿ ಅಂದ್ರೂ ಮನ್ಯಾಗ "ಮಾರಿದ್ರ ಎಷ್ಟ ಬರತೈತಿ" ಅಂತ ಕೇಳತಾರ, ನನಗ ಮಾರೂದು ಬ್ಯಾಡ್ರಿ, ಸುಮ್ಮ ಮಾಡಬೇಕು ಅಷ್ಟ.

ಇಳಕಲ್ಲ ಸೊಸಿ (ಬಾಗಲಕೋಟೆ ಜಿಲ್ಲಾ)

ತಂಗಿ, ಟ್ರಂಕ್ ಸಿಕ್ಕೈತಿ ಅಂದ್ರ ಪುಣ್ಯಾ ಮಾಡೀರಿ. ಕತ್ತರಿ ಹಿಡಿಯೂಕಿಂತ ಮೊದಲ ಎಲ್ಲಾ ಸೀರಿ ತಗದು ಬೆಳಕಿಗೆ ಹಿಡದ ನೋಡ್ರಿ. ಒಡಲು ನೂಲಿಂದು ಇದ್ದದ್ದು ಒಂದ ಕಡೆ, ರೇಷ್ಮಿದು ಒಂದ ಕಡೆ ಇಡ್ರಿ. ಹಳೆ ಇಳಕಲ್ಲದಾಗ ಭಾಳ ಸೀರಿಗೆ ಒಡಲ ನೂಲಿಂದು, ಸೆರಗ ರೇಷ್ಮಿದು ಇಲ್ಲಾ ಆರ್ಟ್ ಸಿಲ್ಕಿಂದು ಇರತೈತಿ, ಎರಡನ್ನೂ ಕೊಂಡಿ ಹಾಕಿ ಜೋಡಿಸಿರತಾರ, ಅದಕ್ಕ ಸೆರಗಿನ ಬಣ್ಣ ಒಡಲಿನ ಬಣ್ಣ ಬ್ಯಾರೆ ಬ್ಯಾರೆ. ಆ ಕೊಂಡಿ ಕಡೆ ಕೈ ಆಡಿಸಿದ್ರ ಗೊತ್ತಾಗತೈತಿ. ಟೋಪಿ ತೆನಿ ಸೆರಗ, ಆ ಕೆಂಪು ಬಿಳಿದು, ಅದನ್ನ ಮಾತ್ರ ಕೌದಿ ಒಳಗ ಹಾಕಬ್ಯಾಡ್ರಿ ನಿಮ್ಮ ಕೈ ಮುಗಿತೇನಿ. ಒಡಲ ಹರದಿರತೈತಿ, ಸೆರಗ ಗಟ್ಟಿ ಇರತೈತಿ, ಅದನ್ನ ಕೊಯ್ದು ಫ್ರೇಮ್ ಹಾಕಸ್ರಿ ಇಲ್ಲಾ ಪರ್ಸ್ ಹೊಲೀರಿ.

ಕೌದಿ ಅಂತೀರಿ ಅಂದ್ರ ಮೊದಲ ಸಣ್ಣದು ಮಾಡ್ರಿ. ಒಂಬತ್ತ ವಾರದ ಸೀರಿ ಅಂದ್ರ 27 ಫೂಟ್, ಸೆರಗ ಒಂದ ವಾರ ಕೊಯ್ದ ಇಟ್ರೂ 24 ಫೂಟ್ ಉಳಿತೈತಿ, ಅದನ್ನ ನಾಕ ಮಡಿಕಿ ಹಾಕಿದ್ರ 6 ಫೂಟ್ ಉದ್ದ ಹೆಚ್ಚು ಕಮ್ಮಿ 4 ಫೂಟ್ ಅಗಲ ಆತು, ನಾಕ ಪದರ, ಹುಡುಗಗ ಹೊಚ್ಚಾಕ ಬರೋಬ್ಬರಿ. ನೆಲದ ಮ್ಯಾಲ ಹಾಸಿ ಸುಕ್ಕ ಇಲ್ಲದಂಗ ಎಳದು ಸುತ್ತಲೂ ಉದ್ದ ಉದ್ದ ಕಚ್ಚಾ ಹೊಲಿಗಿ ಹಾಕ್ರಿ, ನಡುವ ಅಡ್ಡ ಉದ್ದ ಒಂದೊಂದ ಸಾಲು. ಈ ಕಚ್ಚಾ ಹೊಲಿಗಿಗೆ ಬ್ಯಾಸರ ಮಾಡಬ್ಯಾಡ್ರಿ, ಇದು ಸಡಲ ಆತಂದ್ರ ಆಮ್ಯಾಲ ಪದರ ಸರದು ನಡುವ ಉಬ್ಬ ಬರತೈತಿ. ಆಮ್ಯಾಲ ಅಂಚಿನಿಂದ ಹಿಡದು ಸುತ್ತಕೋತ ಸುತ್ತಕೋತ ನಡುವಿಗೆ ಬರೂದು, ಸಾದಾ ಓಡ ಹೊಲಿಗಿ, ಸಾಲಿಂದ ಸಾಲಿಗೆ ಒಂದ ಬೆರಳ ಅಂತರ. ಹರದ ಜಾಗಾ ಬಂದ್ರ ಮ್ಯಾಲ ಒಂದ ಖಣದ ತುಂಡ ಇಟ್ಟು ಅದನ್ನೂ ಸೇರಿಸಿ ಹೊಲದ ಬಿಡೂದು. ನಿಮ್ಮ ಖಣಕ್ಕ ಇಲ್ಲೇ ಗತಿ ಐತಿ ನೋಡ್ರಿ.

ಆದ್ರ ಖಣ ಮೊದಲ ಪರೀಕ್ಷಾ ಮಾಡ್ರಿ, ಕೆಂಪು, ಕುಂಕುಮ, ಹಸರು ಬಣ್ಣ ಬಿಡತಾವು. ಬಿಳಿ ಬಟ್ಟಿ ಒದ್ದಿ ಮಾಡಿ ಖಣದ ಮ್ಯಾಲ ಇಟ್ಟು ಇಸ್ತ್ರಿ ಒತ್ತಿದ್ರ ಬಣ್ಣ ಹತ್ತತೈತೋ ಇಲ್ಲೋ ಕಾಣತೈತಿ. ಹತ್ತಿದ್ರ ತಣ್ಣೀರಾಗ ನೀರ ತಿಳಿ ಆಗೂ ತನಕ ಬ್ಯಾರೆ ತೊಳದು ಆಮ್ಯಾಲ ಹಚ್ಚರಿ, ಆದ್ರೂ ಬಿಡಾಕತ್ತಿದ್ರ ಆ ತುಂಡು ಕೌದಿಗೆ ಬ್ಯಾಡ, ತೋರಣಕ್ಕ ಹಚ್ಚರಿ.

ಖಡೇ ಬಜಾರ (ಬೆಳಗಾವಿ)

ಅಕ್ಕಾರ, ರೆಸಿನ್ ಬಗ್ಗೆ ಯಾರೂ ಹೇಳಲಿಲ್ಲ ಅಂತ ನಾ ಹೇಳತೇನಿ. ಸಣ್ಣ ಮನಿ, ಸಣ್ಣ ಹುಡುಗ ಅಂದ್ರಿ, ಬ್ಯಾಡ. ಎಪಾಕ್ಸಿ ಎರಡ ಬಾಟ್ಲಿ ಕೂಡಿಸಿ ಕಲಸಿದ ಮ್ಯಾಲ ಪೂರ್ತಿ ಗಟ್ಟಿ ಆಗಾಕ ಒಂದ ದಿನದಿಂದ ಮೂರ ದಿನ ಬೇಕು, ಅಷ್ಟೊತ್ತ ಧೂಳ ಬೀಳಬಾರದು, ಹುಡುಗ ಮುಟ್ಟಬಾರದು, ಕೈಗೆ ಗ್ಲೌಸ್ ಬೇಕು, ಕಿಟಕಿ ತಗದಿರಬೇಕು, ಒಬ್ಬೊಬ್ಬರಿಗೆ ಚರ್ಮಕ್ಕ ಅಲರ್ಜಿ ಆಗತೈತಿ, ಒಮ್ಮೆ ಹಿಡೀತಂದ್ರ ಬಿಡೂದಿಲ್ಲ. ಹುಡುಗ ಬಂದ ಕೂಡಲೇ ಎತ್ತಿಡೂ ಕೆಲಸನ ಅಲ್ಲ ಅದು.

ನಾ ಗಂಡಸ, ರಿಟೈರ್ ಆಗೇನಿ, ಮಧ್ಯಾಹ್ನ ನಿವಾಂತ ಕುಂತು ಹಳೆ ಪೇಪರಿನ ಬುಟ್ಟಿ ಮಾಡತೇನಿ. ನಮ್ಮ ಆಯಿ ಮಾಡ್ತಿದ್ಲು. ಪೇಪರ್ ಹರದು ಎರಡ ಮೂರ ದಿನ ನೀರಾಗ ನೆನಸಿ, ನೆನಸಿದ ಮೆಂತೆ ಕಾಳ ಕೂಡಿಸಿ ರುಬ್ಬೂದು, ಬೋಗಾಣಿ ಬೋರಲ ಇಟ್ಟು ಮ್ಯಾಲ ಒದ್ದಿ ಬಟ್ಟಿ ಹೊಚ್ಚಿ ಅದರ ಮ್ಯಾಲ ಬೆರಳ ದಪ್ಪ ಬಡಿಯೂದು. ಅರ್ಧಾ ಒಣಗಿದ ಮ್ಯಾಲ ಬೋಗಾಣಿ ತಗದು ಮತ್ತ ಬಿಸಲಿಗೆ ಇಡೂದು. ಮೆಂತೆ ಅಂಟಿನ ಕೆಲಸಾನೂ ಮಾಡತೈತಿ, ಹುಳಾನೂ ಹತ್ತಗೊಡೂದಿಲ್ಲ ಅಂತಿದ್ರು. ಬೆಳಗಾವಿ ಮಳಿಗಾಲದಾಗ ಮಾತ್ರ ಇದು ಆಗೂದ ಕೆಲಸ ಅಲ್ಲ, ಬೂಜು ಬರತೈತಿ. ನಿಮ್ಮ ವಿಜಯಪುರದ ಬ್ಯಾಸಗಿ ಬಿಸಲಿಗೆ ಮಸ್ತ್ ಆಗತೈತಿ ನೋಡ್ರಿ. ಹುಡುಗನ್ನೂ ಕೂಡಿಸ್ಕೋರಿ, ಹೊಲಸ ಆಗೂ ಕೆಲಸ ಅಂದ್ರ ಹುಡುಗರಿಗೆ ಭಾಳ ಖುಷಿ.

ಇನ್ನ ಕೌದಿ ವಿಷಯ. ನಮ್ಮ ಖಾನಾಪುರ, ಹಳಿಯಾಳ ಕಡೆ ಸಿದ್ದಿ ಹೆಣ್ಣಮಕ್ಕಳು ಹೊಲದ ಕೌದಿ ನೋಡ್ರಿ, ಅವರು ಕವಂದಿ ಅಂತಾರ. ನಾಕೂ ಮೂಲಿಗೆ ಬಟ್ಟಿ ಮಡಚಿ ಮಡಚಿ ಒಂದ ಫೂಲ ಇಟ್ಟ ಮ್ಯಾಲನ ಮುಗಿತು ಅಂತಾರ. ಬಣ್ಣಕ್ಕ ಬಣ್ಣ ಹೊಂದತೈತೋ ಇಲ್ಲೋ ಅಂತ ಅವರು ತಲಿ ಕೆಡಿಸ್ಕೊಳ್ಳೂದಿಲ್ಲ, ಆದ್ರೂ ಅಷ್ಟ ಚಂದ ಕಾಣತೈತಿ.

ಎಳಿ ಎಣಸಾಕಿ (ಬಾಗಲಕೋಟೆ, ನವನಗರ)

ಎಲ್ಲಾರೂ ಕೌದಿ ಕಡೆ ಎಳದ್ರಿ, ನಾ ಕಸೂತಿ ಕಡೆ ಎಳಿತೇನಿ. ಸಂಜಿಕ ಟಿವಿ ಮುಂದ ಕುಂತು ಮಾಡಾಕ, ಚೀಲದಾಗ ಇಟ್ಟು ಎತ್ತಿಡಾಕ ಇದರಂಥಾದ್ದು ಇಲ್ರಿ. ಕೌದಿ ಹಾಸಿದ್ರ ಪಡಸಾಲಿ ತುಂಬ ಅದ, ಗಂಡಾ ಮಕ್ಕಳು ದಾಟಕೋತ ಅಡ್ಡಾಡಬೇಕು.

ಇದಕ್ಕ ಟ್ರೇಸಿಂಗ್ ಇಲ್ಲ, ಎಳಿ ಎಣಸೂದು ಅಷ್ಟ. ನಾಕ ನಮೂನಿ ಹೊಲಿಗಿ: ಗವಂತಿ, ಮುರಗಿ, ನೇಗಿ, ಮೆಂತಿ. ನಾಕೂ ಒಮ್ಮೆಲೇ ಕಲಿಯಾಕ ಹೋಗಬ್ಯಾಡ್ರಿ, ಗವಂತಿ ಒಂದ ಹಿಡೀರಿ, ಅದು ಬಂತಂದ್ರ ಮುರಗಿ ತಾನ ಬರತೈತಿ, ಮೆಟ್ಟಲ ಮೆಟ್ಟಲ ಹೋಗೂದಷ್ಟ ಫರಕು. ಗವಂತಿ ಅಂದ್ರ ನಾಕ ಎಳಿ ಮ್ಯಾಲ ನಾಕ ಎಳಿ ಕೆಳಗ ಅಂತ ಹೋಗೂದು, ತಿರಗಿ ಬರುವಾಗ ಬಿಟ್ಟ ಜಾಗಾ ತುಂಬಕೋತ ಬರೂದು. ಸರಿ ಬಂದ್ರ ಹಿಂದ ಮುಂದ ಎರಡೂ ಕಡೆ ಒಂದ ಥರಾ ಕಾಣತೈತಿ, ಗಂಟ ಎಲ್ಲೂ ಇರೂದಿಲ್ಲ. ಶುರುವಿಗೆ ದಾರದ ತುದಿ ಬೆರಳುದ್ದ ಬಿಟ್ಟು, ತಿರಗಿ ಬರುವಾಗ ಹೊಲಿಗಿ ಒಳಗ ಮುಚ್ಚಿಬಿಡೂದು.

ತಲಿ ಓಡಸೂದು ಎಲ್ಲಿ ಬರತೈತಿ ಅಂದ್ರ ಕವಲು ಒಡಿಯೂ ಜಾಗಾದಾಗ. ಗೋಪುರ ಮಾಡಾಕತ್ತೀರಿ ಅನಕೋರಿ, ನಡುಗಂಬದಿಂದ ಬಲಕ್ಕ ಒಂದ ಟೊಂಗಿ ಹೋಗೇತಿ, ಆ ಟೊಂಗಿ ತುದಿ ತನಕಾ ಹೋಗಿ ಅದನ್ನ ತುಂಬಕೋತ ಕಂಬಕ್ಕ ವಾಪಸ್ ಬಂದ ಮ್ಯಾಲನ ಮುಂದ ಹೋಗಬೇಕು, ಹಂಗ ಬಿಟ್ಟು ಮುಂದ ಹೋದ್ರ ಹೊಳ್ಳಿ ಬರೂ ದಾರಿ ತಪ್ಪತೈತಿ. ಅದಕ್ಕ ಮೊದಲ ಚೌಕಾನ ಗೆರಿ ಇರೂ ಗಣಿತದ ನೋಟ್‌ಬುಕ್ಕಿನಾಗ ಪೆನ್ಸಿಲ್ಲಿನಿಂದ ಹೋಗೂ ದಾರಿ ಬರೂ ದಾರಿ ಬರಕೊಳ್ರಿ. ನನಗ ಕಸೂತಿಯೊಳಗ ಖರೇ ಮಜಾ ಕೊಡೂದು ಇದ, ಸೂಜಿ ಹಿಡಿಯೂದು ಆಮ್ಯಾಲ. ಗೋಪುರ ಬಂದ್ರ ತುಳಸಿ ಕಟ್ಟಿ, ಆಮ್ಯಾಲ ಆನಿ, ತೇರ ಕಡೀಕ. ತೇರ ನೋಡಿ ಮೊದಲ ದಿನಾನ ಅದನ್ನ ಹಿಡದವರು ಎಲ್ಲಾರೂ ಬಿಟ್ಟಾರ.

ಇಳಕಲ್ಲ ಸೀರಿ ಮ್ಯಾಲ ಈಗ ಹಾಕಬ್ಯಾಡ್ರಿ, ಎಳಿ ಭಾಳ ಸಣ್ಣ. ಮ್ಯಾಟಿ ಬಟ್ಟಿ ಅರ್ಧಾ ಮೀಟರ್ ತಗೋರಿ, ಅದರಾಗ ಕಣ್ಣು ಕಣ್ಣು ಕಾಣತೈತಿ.

ಗುಮ್ಮಟದ ಹತ್ರದಾಕಿ (ವಿಜಯಪುರ)

ಅಯ್ಯ ಎಷ್ಟ ಛಲೋ ಬರದೀರಿ ಎಲ್ಲಾರೂ, ಭಾಳ ಉಪಕಾರ ಆತ್ರಿ. ರೆಸಿನ್ ಕಾರ್ಟಿನಿಂದ ತಗದೆ ಕಾಕಾ. ಕಸೂತಿ ಅಕ್ಕಾರ, ಒಂದ ಕೇಳಲೇನು, ನನಗ ಆಸೆ ಇರೂದ ಚಂದ್ರಕಾಳಿ ಸೀರಿ ಮ್ಯಾಲಿಂದು, ಆ ಕರಿ ಮ್ಯಾಲ ಬಣ್ಣ ಬಣ್ಣ ಇರತೈತಲ್ಲ, ಅವ್ವನ ಲಗ್ನದ್ದು ಹಂಗ ಇತ್ತಂತ. ಆದ್ರ ಟ್ಯೂಬ್ ಲೈಟಿನ ಬೆಳಕಿನಾಗ ಕರಿ ಬಟ್ಟಿ ಎಳಿ ಎಣಸಾಕ ಆಗತೈತಾ? ನನಗ ಚಷ್ಮಾ ಬ್ಯಾರೆ ಐತಿ.

ಎಳಿ ಎಣಸಾಕಿ (ಬಾಗಲಕೋಟೆ, ನವನಗರ)

ತೊಡಿ ಮ್ಯಾಲ ಬಿಳಿ ಟಾವೆಲ್ ಹಾಸ್ಕೊಂಡು ಅದರ ಮ್ಯಾಲ ಕರಿ ಬಟ್ಟಿ ಹಿಡೀರಿ, ಎಳಿ ನಡುವಿನ ತೂತ ಬೆಳ್ಳಗ ಕಾಣತಾವು. ಇಲ್ಲಂದ್ರ ಬಟ್ಟಿ ಮ್ಯಾಲ ಜಾಳಿಗಿ ಬಟ್ಟಿ ಇಟ್ಟು ಕಚ್ಚಾ ಹೊಲದು, ಎರಡೂ ಸೇರಿಸಿ ಜಾಳಿಗಿ ಕಣ್ಣ ಎಣಿಸಿ ಕಸೂತಿ ಹಾಕಿ, ಮುಗಿದ ಮ್ಯಾಲ ಜಾಳಿಗಿ ಎಳಿ ಒಂದೊಂದ ಜಗ್ಗಿ ತಗದ ಬಿಡೂದು. ಈಗ ಅಂಗಡಿ ಸೀರಿಗೆ ಹಾಕವರು ಭಾಳ ಮಂದಿ ಹಿಂಗ ಮಾಡತಾರ. ಹಳೆ ಮಂದಿ ಇದಕ್ಕ ಮೂಗ ಮುರಿತಾರ, ಮುರೀಲಿ ಬಿಡ್ರಿ, ಕಣ್ಣ ನಮ್ಮವು.

ಗಣಪತ ಗಲ್ಲಿ ಹುಡುಗ (ಬೆಳಗಾವಿ)

ಎಲ್ಲಾರೂ ಹಿಂಗ ಫ್ರೀಯಾಗಿ ಮಾಡ್ರಿ ಅಂತೀರಿ, ಇವತ್ತ ಹ್ಯಾಂಡ್‌ಮೇಡ್‌ಗೆ ಎಷ್ಟ ಡಿಮಾಂಡ್ ಐತಿ ಗೊತ್ತದ ಏನ್ರಿ? ಖಣದ ಪರ್ಸ್, ಖಣದ ಡೈರಿ ಕವರ್, ಖಣದ ಕಿವಿ ಓಲಿ, ಎಲ್ಲಾ ಇನ್‌ಸ್ಟಾದಾಗ ಹೋಗತಾವು. ಒಂದ ಪೇಜ್ ಮಾಡ್ರಿ ಅಕ್ಕ, ಫೋಟೋ ನಾ ತಗದ ಕೊಡತೇನಿ. ಹವ್ಯಾಸ ಅಂದ್ರೂ ಅದರ ಖರ್ಚ ಅದ ತಗೀಲಿ ಅಲ್ಲಾ.

ಇಳಕಲ್ಲ ಸೊಸಿ (ಬಾಗಲಕೋಟೆ ಜಿಲ್ಲಾ)

ತಮ್ಮಾ, ನಿನ್ನ ಮಾತ ಸುಳ್ಳಲ್ಲ, ಆದ್ರ ಆಕಿ ಕೇಳಿದ್ದ ಅದಲ್ಲ. ಕೈಲೆ ಹೊಲದ ಒಂದ ಕೌದಿಗೆ ಎಷ್ಟ ತಾಸ ಹೋಗತಾವು ಅಂತ ಲೆಕ್ಕಾ ಹಾಕಿ ಕೂಲಿ ಹಚ್ಚಿ ನೋಡು, ಆ ರೇಟ್ ಕೇಳಿದ್ರ ಕೊಳ್ಳಾಕ ಬಂದಾಕಿ ಒಂದ ಬ್ಲ್ಯಾಂಕೆಟ್ ತಗೊಂಡ ಹೋಗತಾಳ. ಹೊಟ್ಟಿಪಾಡಿಗೆ ಮಾಡವರು ಅದಾರ, ಅವರ ಮಗ್ಗ, ಅವರ ಸೂಜಿ ನಡೀಲಿ, ಅವರ ಹತ್ರ ನಾವೂ ತಗೋಬೇಕು. ಸಂಬಳ ಬರೂ ಹೆಣ್ಣಮಗಳು ರಾತ್ರಿ ಒಂಬತ್ತಕ್ಕ ಆರ್ಡರ್ ಮುಗಸಾಕ ಕುಂತಳಂದ್ರ ಅದು ಎರಡನೇ ಡ್ಯೂಟಿ ಆತು, ಹವ್ಯಾಸ ಎಲ್ಲಿ ಉಳೀತು. ಮನ್ಯಾಗ ಕೇಳಿದ್ರ "ಮೊದಲ ಒಂದ ಮುಗೀಲಿ ತಡೀರಿ" ಅಂತ ಹೇಳ್ರಿ ತಂಗಿ, ಮುಗಿಯೂದ್ರಾಗ ಅವರು ಕೇಳೂದ ಬಿಟ್ಟಿರತಾರ.

ಗಣಪತ ಗಲ್ಲಿ ಹುಡುಗ (ಬೆಳಗಾವಿ)

ಆತ ಅಕ್ಕ ಸುಮ್ಮನಾದೆ 😄 ಆದ್ರೂ ಫೋಟೋ ಇಲ್ಲಿ ಹಾಕ್ರಿ.

ಎರಿ ಹೊಲದಂವ (ವಿಜಯಪುರ ಜಿಲ್ಲಾ)

ಹುಡುಗನ ಬಗ್ಗೆ ಒಂದ ಮಾತ. ಅಂವಾ ನಿಮ್ಮ ಸೂಜಿ ದಾರ ಕಸಗೋಬಾರದು ಅಂದ್ರ ಅವಗ ಅವನ ಕೆಲಸ ಕೊಡ್ರಿ, ಮಣ್ಣ ಕೊಡ್ರಿ. ಈಗ ಮಣ್ಣೆತ್ತಿನ ಅಮಾಸಿಗೆ ಎತ್ತ ಕೊಂಡ ತರತಾರ, ಆಷಾಢದ ಮಂಗಳವಾರ ಗುಳ್ಳವ್ವನ್ನೂ ಕೊಂಡ ತರತಾರ, ಮನ್ಯಾಗ ಮಾಡವರ ಕಮ್ಮಿ ಆದ್ರು. ನಮ್ಮ ಎರಿಮಣ್ಣ ಒಣಗಿದ್ರ ಕುಗ್ಗಿ ಸೀಳ ಬಿಡತೈತಿ, ಹೊಲದಾಗ ಬ್ಯಾಸಗಿಗೆ ಕಾಲ ಹೋಗುವಷ್ಟ ಬಿರಕ ಬಿಡೂದಿಲ್ಲೇನು, ಅದ ಮಣ್ಣ. ಅದಕ್ಕ ಕೆರಿ ಮಣ್ಣ ಸಿಕ್ರ ಛಲೋ, ಇಲ್ಲಂದ್ರ ಎರಿಮಣ್ಣ ಸೋಸಿ ನೆನಸಿ ಒಂದೀಟ ಹತ್ತಿ ಬಿಡಿಸಿ ಹಾಕಿ ನಾದ್ರಿ, ಹತ್ತಿ ಎಳಿ ಹಿಡಕೊಂಡ ಸೀಳಗೊಡೂದಿಲ್ಲ. ಎತ್ತಿನ ಕಾಲು ದಪ್ಪ ಇಡ್ರಿ, ಕೋಡಿಗೆ ಒಳಗ ಕಡ್ಡಿ ಇಡ್ರಿ, ಒಣಗಸೂದು ನೆರಳಿನಾಗ, ಬಿಸಲಿಗೆ ಒಯ್ದು ಇಟ್ರ ಸಂಜಿಕ ಎತ್ತಿನ ಬೆನ್ನ ಎರಡ ಭಾಗ. ಬಣ್ಣ ಹಚ್ಚೂದ ಆಮ್ಯಾಲ, ಸುಣ್ಣ ಬಳದು ಅದರ ಮ್ಯಾಲ ಕೆಮ್ಮಣ್ಣ ಹಚ್ಚಿದ್ರೂ ಸಾಕು. ಇದಕ್ಕ ಹಬ್ಬಾನ ಬರಬೇಕು ಅಂತ ಏನಿಲ್ಲ.

ಗುಮ್ಮಟದ ಹತ್ರದಾಕಿ (ವಿಜಯಪುರ)

ಇದು ಛಲೋ ಆತ್ರಿ ಅಣ್ಣಾರ, ಮಗಗ ಹೇಳಿದ್ದಕ್ಕ ಈಗ ಮಣ್ಣ ತಾ ಅಂತ ಹಟಾ ಹಿಡದಾನ. ನಾ ಮೊದಲ ಗವಂತಿ ಹಿಡಿತೇನಿ, ಕೌದಿ ಚಳಿಗಾಲಕ್ಕ ನೋಡೂಣು. ಖಣ ಎಲ್ಲಾ ಒದ್ದಿ ಬಟ್ಟಿ ಇಟ್ಟು ಇಸ್ತ್ರಿ ಒತ್ತಿ ನೋಡಿದೆ, ಕುಂಕುಮ ಬಣ್ಣದ್ದು ಭಾಳ ಬಿಡತೈತಿ, ಅದು ತೋರಣಕ್ಕ. ರವಿವಾರ ಮಾರ್ಕೆಟಿಗೆ ಹೊಂಟೇನಿ, ಮ್ಯಾಟಿ ಬಟ್ಟಿಗೆ ಸೂಜಿ ಎಂಥಾದ್ದು ತರಲಿ? ದಾರ ಎಷ್ಟ ಎಳಿ?

ಎಳಿ ಎಣಸಾಕಿ (ಬಾಗಲಕೋಟೆ, ನವನಗರ)

ತುದಿ ಮೊಂಡ ಇರೂ ಸೂಜಿ, ಟೇಪೆಸ್ಟ್ರಿ ನೀಡಲ್ ಅಂತ ಕೇಳ್ರಿ, 24 ನಂಬರ್. ಚೂಪ ಇದ್ರ ಎಳಿ ನಡುವ ಹೋಗೂ ಬದಲಿ ಎಳಿ ಸೀಳಕೊಂಡ ಹೋಗತೈತಿ. ಕಸೂತಿ ದಾರದ ಲಡಿಯೊಳಗ 6 ಎಳಿ ಕೂಡಿರತಾವು, ಅದರಾಗ 2 ಬಿಡಿಸ್ಕೊಳ್ರಿ, ಒಂದ ಮೊಳದಕ್ಕಿಂತ ಉದ್ದ ಹಚ್ಚಬ್ಯಾಡ್ರಿ, ಸಿಕ್ಕ ಬೀಳತೈತಿ. ಮೊದಲಿಗೆ ಕೆಂಪು ತಗೋರಿ, ಬಿಳಿ ಮ್ಯಾಟಿ ಮ್ಯಾಲ ಹಿಂದ ಮುಂದ ಎರಡೂ ಕಡೆ ಸ್ವಚ್ಛ ಕಾಣತೈತಿ.