ಒಂದಕ್ಕೊಂದು ನಂಟಿಲ್ಲದ ವಿಷಯಗಳಲ್ಲೆಲ್ಲ ‘ಡಂಡೀ’ ಏಕೆ ಎದುರಾಗುತ್ತದೆ?

ಹಳೆಯ ನಕಾಶೆ (ಪ್ರಶ್ನೆ):

ಹತ್ತೊಂಬತ್ತನೆಯ ಶತಮಾನದ ಚರಿತ್ರೆಯನ್ನು ಓದುವಾಗ ಸ್ಕಾಟ್ಲೆಂಡಿನ ಡಂಡೀ ನಗರದ ಹೆಸರು ನಾನು ನಿರೀಕ್ಷಿಸದ ಕಡೆಗಳಲ್ಲೆಲ್ಲ ಸಿಗುತ್ತಿದೆ. ಬಂಗಾಳದ ಸೆಣಬಿನ ಗಿರಣಿಗಳ ಬಗ್ಗೆ ಓದಿದರೆ ಡಂಡೀ ಬರುತ್ತದೆ. ಕ್ಯಾಪ್ಟನ್ ಸ್ಕಾಟ್ ಅಂಟಾರ್ಕ್ಟಿಕಾಕ್ಕೆ ಹೋದ ಹಡಗಿನ ವಿವರ ನೋಡಿದರೆ ಅದನ್ನು ಕಟ್ಟಿದ್ದೂ ಡಂಡೀಯಲ್ಲಿ. ವಿನ್‌ಸ್ಟನ್ ಚರ್ಚಿಲ್ ಹದಿನಾಲ್ಕು ವರ್ಷ ಪ್ರತಿನಿಧಿಸಿದ ಕ್ಷೇತ್ರ ಡಂಡೀ. 1899ರ ಬೋಯರ್ ಯುದ್ಧದ ಮೊದಲ ದೊಡ್ಡ ಕಾಳಗ ನಡೆದದ್ದು ಡಂಡೀಯ ಬಳಿ ಎನ್ನುತ್ತಾರೆ. 1689ರಲ್ಲಿ ಸ್ಕಾಟ್ಲೆಂಡಿನಲ್ಲಿ ದಂಗೆಯೆದ್ದ ಸೇನಾನಿಯನ್ನೂ ‘ಡಂಡೀ’ ಎಂದೇ ಕರೆಯುತ್ತಾರೆ. ಎಡಿನ್‌ಬರೋ ಅಥವಾ ಗ್ಲಾಸ್ಗೋ ಹೀಗೆ ಎಲ್ಲೆಡೆ ಕಾಣಿಸಿಕೊಂಡಿದ್ದರೆ ಆಶ್ಚರ್ಯವಾಗುತ್ತಿರಲಿಲ್ಲ. ಟೇ ನದಿಯ ಅಳಿವೆಯ ದಂಡೆಯ ಮೇಲಿನ ಈ ನಡುಗಾತ್ರದ ಬಂದರಿಗೆ ಇಷ್ಟು ವ್ಯಾಪ್ತಿ ಹೇಗೆ ಬಂತು? ಇವೆಲ್ಲ ಒಂದೇ ಊರಿಗೆ ಸೇರಿದವೇ, ಅಥವಾ ಹೆಸರಷ್ಟೇ ಒಂದೇ?

ಬಂದರುಕಟ್ಟೆ:

ನೀವು ಕೊಟ್ಟ ಉದಾಹರಣೆಗಳಲ್ಲಿ ಎರಡನ್ನು ಮೊದಲು ಬೇರೆ ಇಡಬೇಕು. ಬೋಯರ್ ಯುದ್ಧದ ಡಂಡೀ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿರುವ ಕಲ್ಲಿದ್ದಲಿನ ಊರು. ಸ್ಕಾಟ್ಲೆಂಡಿನಿಂದ ಹೋಗಿ ನೆಲೆಸಿದವರು ತಮ್ಮ ನಾಡಿನ ನಗರದ ಹೆಸರನ್ನು ಅದಕ್ಕೆ ಇಟ್ಟರು. 1899ರ ಅಕ್ಟೋಬರ್ 20ರಂದು ಕಾಳಗ ನಡೆದದ್ದು ಆ ಊರಿನ ಪಕ್ಕದ ಟಲಾನಾ ಗುಡ್ಡದ ಮೇಲೆ. 1689ರ ‘ಡಂಡೀ’ ಊರೇ ಅಲ್ಲ, ಮನುಷ್ಯ. ಕ್ಲೇವರ್‌ಹೌಸ್‌ನ ಜಾನ್ ಗ್ರಹಾಂಗೆ 1688ರಲ್ಲಿ ವೈಕೌಂಟ್ ಡಂಡೀ ಎಂಬ ಪದವಿ ಸಿಕ್ಕಿತು. ಮರುವರ್ಷ ಜುಲೈಯಲ್ಲಿ ಪದಚ್ಯುತ ದೊರೆ ಜೇಮ್ಸ್‌ನ ಪರವಾಗಿ ಕಿಲ್ಲಿಕ್ರ್ಯಾಂಕಿ ಕಣಿವೆಯಲ್ಲಿ ಹೋರಾಡಿ ಗೆದ್ದ ಆತ ಅದೇ ಕಾಳಗದಲ್ಲಿ ಸತ್ತ. ಊರಿಗೂ ಅವನಿಗೂ ನಂಟಿತ್ತು, ಏಕೆಂದರೆ ಅಲ್ಲಿನ ಡಡ್‌ಹೋಪ್ ಕೋಟೆ ಅವನದಾಗಿತ್ತು. ಆದರೆ ಅವನ ಕಥೆಯನ್ನು ಓದಿ ಆ ನಗರದ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ.

ಉಳಿದವುಗಳಲ್ಲಿ ಸೆಣಬು ಮತ್ತು ಅಂಟಾರ್ಕ್ಟಿಕಾಗಳ ನಂಟು ನಿಜಕ್ಕೂ ಸೊಗಸಾದದ್ದು, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡಂಡೀ ಮೊದಲು ಅಗಸೆ ನಾರಿನ ಒರಟು ಬಟ್ಟೆಯನ್ನು ನೇಯುವ ಊರಾಗಿತ್ತು, ಮತ್ತು ಆ ನಾರು ಮುಖ್ಯವಾಗಿ ರಷ್ಯಾದಿಂದ, ಬಾಲ್ಟಿಕ್ ಸಮುದ್ರದ ದಾರಿಯಾಗಿ ಬರುತ್ತಿತ್ತು. ಬಂಗಾಳದ ಸೆಣಬು ಅಗ್ಗವಾಗಿ ಸಿಗುವಂತಿದ್ದರೂ ಆ ಎಳೆ ಬಹಳ ಗಡುಸು. ಅಗಸೆಯ ಯಂತ್ರಕ್ಕೆ ಹಾಕಿದರೆ ತುಂಡಾಗುತ್ತಿತ್ತು. ಅದನ್ನು ಎಣ್ಣೆ ಮತ್ತು ನೀರಿನಲ್ಲಿ ನೆನೆಸಿ ಮೆದು ಮಾಡಿದರೆ ಯಂತ್ರದಲ್ಲಿ ನೂಲಬಹುದೆಂಬುದು 1830ರ ದಶಕದಲ್ಲಿ ಕೈಗೂಡಿತು. ಆ ಎಣ್ಣೆಯೇ ತಿಮಿಂಗಿಲದ ಎಣ್ಣೆ, ಮತ್ತು ಡಂಡೀ ಅಷ್ಟರಲ್ಲಾಗಲೇ ತಿಮಿಂಗಿಲ ಬೇಟೆಯ ಬಂದರಾಗಿತ್ತು. ಕ್ರಿಮಿಯಾ ಯುದ್ಧದಲ್ಲಿ ರಷ್ಯಾದ ನಾರು ನಿಂತುಹೋದಾಗ ಗಿರಣಿಗಳು ಸೆಣಬಿನ ಕಡೆಗೆ ಇನ್ನಷ್ಟು ವಾಲಿದವು. ಬೇರೆ ಬಂದರುಗಳಲ್ಲಿ ತಿಮಿಂಗಿಲ ಬೇಟೆ ಸೊರಗಿದ ಮೇಲೂ ಡಂಡೀಯಲ್ಲಿ ಅದು ಉಳಿದುಕೊಂಡದ್ದಕ್ಕೆ ಗಿರಣಿಗಳ ಈ ಬೇಡಿಕೆಯೂ ಒಂದು ಕಾರಣ.

ಇಲ್ಲಿಂದ ಅಂಟಾರ್ಕ್ಟಿಕಾಕ್ಕೆ ದಾರಿ ನೇರವಾಗಿದೆ. ಹಿಮಗಡಲಿನ ಒತ್ತಡವನ್ನು ತಾಳಬಲ್ಲ ದಪ್ಪ ಮರದ ಹಡಗುಗಳನ್ನು ಕಟ್ಟುವ ಕೈಗಳು ಉಕ್ಕಿನ ಹಡಗುಗಳ ಕಾಲದಲ್ಲಿಯೂ ಡಂಡೀಯಲ್ಲಿ ಉಳಿದಿದ್ದವು. 1901ರ ಮಾರ್ಚ್‌ನಲ್ಲಿ ನೀರಿಗಿಳಿದ ಸ್ಕಾಟ್‌ನ ಹಡಗು ‘ಡಿಸ್ಕವರಿ’ಯನ್ನು ಮರದಲ್ಲಿಯೇ ಕಟ್ಟಲಾಯಿತು, ಏಕೆಂದರೆ ಅದರ ಕೆಲಸಗಳಲ್ಲಿ ಭೂಕಾಂತತ್ವದ ಅಳತೆಯೂ ಒಂದಾಗಿತ್ತು; ಅಳತೆಯ ಕೋಣೆಯ ಸುತ್ತ ಮೂವತ್ತು ಅಡಿಗಳೊಳಗೆ ಕಬ್ಬಿಣವಾಗಲಿ ಉಕ್ಕಾಗಲಿ ಇರಬಾರದೆಂಬ ಕಟ್ಟುನಿಟ್ಟು ಇತ್ತು. ಅದೊಂದೇ ಅಲ್ಲ. ಶಾಕಲ್ಟನ್ 1907ರಲ್ಲಿ ಒಯ್ದ ‘ನಿಮ್ರಾಡ್’, ಸ್ಕಾಟ್ 1910ರಲ್ಲಿ ಕೊನೆಯ ಬಾರಿಗೆ ಹೋದ ‘ಟೆರಾ ನೋವಾ’, ಮಾಸನ್‌ನ ‘ಆರೋರಾ’ ಎಲ್ಲವೂ ಇದೇ ಬಂದರಿನಲ್ಲಿ ಉತ್ತರದ ಹಿಮಗಡಲಿನ ಬೇಟೆಗೆಂದು ಹುಟ್ಟಿದ ಹಡಗುಗಳು. ದಕ್ಷಿಣ ಧ್ರುವದ ಸಾಹಸಗಳನ್ನು ಓದುವವರು ಗೋಣಿಚೀಲವನ್ನೂ ಸ್ವಲ್ಪ ನೆನೆಯಬೇಕು ಎಂದರೆ ಅತಿಶಯೋಕ್ತಿಯಾಗಲಾರದು.

ನೂಲಿನೆಳೆ:

ಬಂದರುಕಟ್ಟೆಯವರ ಉತ್ತರಕ್ಕೆ ಬಂಗಾಳದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಮಾಲು ಹೊರಗೆ ಹೋದಂತೆ ಯಂತ್ರಗಳೂ ಜನರೂ ಹೋದರು. 1855ರಲ್ಲಿ ಹೂಗ್ಲಿ ದಂಡೆಯ ರಿಷ್ರಾದಲ್ಲಿ ಡಂಡೀಯ ಯಂತ್ರಗಳಿಂದ ಸೆಣಬಿನ ಗಿರಣಿ ಶುರುವಾಯಿತು. ಅಲ್ಲಿಂದ ಮುಂದೆ ಕಲ್ಕತ್ತೆಯ ಗಿರಣಿಗಳ ಮ್ಯಾನೇಜರರೂ ಮೇಲ್ವಿಚಾರಕರೂ ಹೆಚ್ಚಾಗಿ ಡಂಡೀಯಿಂದಲೇ ಬರುತ್ತಿದ್ದರು. ಶತಮಾನ ಮುಗಿಯುವ ಹೊತ್ತಿಗೆ ಕಲ್ಕತ್ತೆ ಡಂಡೀಯನ್ನು ಹಿಂದೆ ಹಾಕಿತ್ತು. ತನ್ನ ಪ್ರತಿಸ್ಪರ್ಧಿಗೆ ತಾನೇ ಯಂತ್ರವನ್ನೂ ಕೆಲಸ ಬಲ್ಲವರನ್ನೂ ಕಳುಹಿಸಿಕೊಟ್ಟ ನಗರ ಇದು. ಆದ್ದರಿಂದ ಭಾರತದ ಕಾರ್ಮಿಕ ಚರಿತ್ರೆಯಲ್ಲಿ ಡಂಡೀ ಬರುವುದು ಆಕಸ್ಮಿಕವಲ್ಲ.

ಡಂಡೀಯೊಳಗಿನ ಗಿರಣಿಗಳಲ್ಲಿ ದುಡಿದವರಲ್ಲಿ ಹೆಂಗಸರೇ ಹೆಚ್ಚು, ಏಕೆಂದರೆ ಅವರ ಕೂಲಿ ಕಡಿಮೆ. ಪಶ್ಚಿಮ ಆಫ್ರಿಕಾದ ಕ್ಯಾಲಬಾರಿಗೆ 1876ರಲ್ಲಿ ಹೋದ ಮಿಷನರಿ ಮೇರಿ ಸ್ಲೆಸರ್ ಹುಟ್ಟಿದ್ದು ಅಬರ್ಡೀನ್‌ನಲ್ಲಾದರೂ, ಹುಡುಗಿಯಾಗಿದ್ದಾಗಲೇ ಡಂಡೀಯ ಗಿರಣಿಯಲ್ಲಿ ಅರ್ಧ ದಿನ ಕೆಲಸ, ಅರ್ಧ ದಿನ ಶಾಲೆ ಎಂಬ ಪದ್ಧತಿಯಲ್ಲಿ ಬೆಳೆದವಳು. ಅಗಸೆ ಬಟ್ಟೆಯಿಂದ ಶ್ರೀಮಂತವಾದ ಬ್ಯಾಕ್ಸ್‌ಟರ್ ಮನೆತನದ ಮೇರಿ ಆನ್ ಬ್ಯಾಕ್ಸ್‌ಟರ್ ಅವರ ಹಣದಿಂದ 1881ರಲ್ಲಿ ಅಲ್ಲಿ ವಿಶ್ವವಿದ್ಯಾಲಯ ಕಾಲೇಜು ಸ್ಥಾಪನೆಯಾಯಿತು. ಪ್ಯಾಟ್ರಿಕ್ ಗೆಡ್ಡೆಸ್ ಅಲ್ಲಿ 1888ರಿಂದ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಭಾರತದ ಹಲವು ನಗರಗಳ ಯೋಜನಾ ವರದಿಗಳನ್ನು ಬರೆದು, 1919ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಆರಂಭಿಸಿದವರೂ ಅವರೇ. ಡಾರ್ಸಿ ಥಾಂಪ್ಸನ್ ಅದೇ ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಕಲಿಸುತ್ತಿದ್ದರು, ಮತ್ತು ಅವರ ಪ್ರಾಣಿ ಸಂಗ್ರಹಾಲಯಕ್ಕೆ ಹಿಮಗಡಲಿನ ಮಾದರಿಗಳನ್ನು ತಂದುಕೊಟ್ಟವರಲ್ಲಿ ತಿಮಿಂಗಿಲ ಬೇಟೆಯ ನಾವಿಕರೂ ಇದ್ದರು.

ಗಿರಣಿಯ ಲಾಭ ಇನ್ನೂ ದೂರ ಹೋಯಿತು. 1882ರಲ್ಲಿ ಟೆಕ್ಸಾಸಿನ ವಿಶಾಲ ದನದ ಹುಲ್ಲುಗಾವಲುಗಳನ್ನು ಕೊಂಡ ಮ್ಯಾಟಡೋರ್ ಕಂಪನಿ ಡಂಡೀಯ ಹೂಡಿಕೆದಾರರದು. ನೀವು ಅಮೆರಿಕದ ಪಶುಪಾಲಕರ ಚರಿತ್ರೆಯನ್ನು ಓದಿದರೆ ಅಲ್ಲಿಯೂ ಈ ಹೆಸರು ಕಾದು ಕೂತಿರುತ್ತದೆ.

ಮತಪೆಟ್ಟಿಗೆ:

ಮೇಲಿನ ಎರಡೂ ಉತ್ತರಗಳು ಮೆಚ್ಚುವಂಥವು. ಆದರೆ ಎಲ್ಲವನ್ನೂ ಸೆಣಬಿನ ಎಳೆಗೇ ಕಟ್ಟಬಾರದೆಂದು ನನಗೆ ಅನ್ನಿಸುತ್ತದೆ. ಚರ್ಚಿಲ್ ಡಂಡೀಗೆ ಬಂದದ್ದು ಸೆಣಬಿಗಾಗಿ ಅಲ್ಲ. ಆಗಿನ ನಿಯಮದಂತೆ ಹೊಸದಾಗಿ ಸಚಿವ ಸಂಪುಟ ಸೇರಿದವರು ಮತ್ತೆ ಚುನಾವಣೆ ಎದುರಿಸಬೇಕಿತ್ತು. 1908ರ ಏಪ್ರಿಲ್‌ನಲ್ಲಿ ಅವರು ಮ್ಯಾಂಚೆಸ್ಟರಿನಲ್ಲಿ ಸೋತರು, ಮತ್ತು ಲಿಬರಲ್ ಪಕ್ಷಕ್ಕೆ ಭದ್ರವೆನ್ನಿಸಿದ ಡಂಡೀ ಕ್ಷೇತ್ರ ಆಗ ತೆರವಾಗಿತ್ತು. ಮೇ ತಿಂಗಳಲ್ಲಿ ಅಲ್ಲಿ ಗೆದ್ದರು. ಅಷ್ಟರ ಮಟ್ಟಿಗೆ ಇದು ಪಕ್ಷದ ಲೆಕ್ಕಾಚಾರವೇ ಹೊರತು ಊರಿನ ಮಹಿಮೆಯಲ್ಲ.

ಅವರ ಸೋಲು ಮಾತ್ರ ಊರಿನದೇ ಕಥೆ. 1908ರಲ್ಲಿ ಅವರ ವಿರುದ್ಧ ನಿಂತು ಸೋತಿದ್ದ ಎಡ್ವಿನ್ ಸ್ಕ್ರಿಂಜರ್ ಮದ್ಯನಿಷೇಧವನ್ನೇ ಜೀವನದ ಕೆಲಸವನ್ನಾಗಿ ಮಾಡಿಕೊಂಡವರು. ಆತ ಬಿಡದೆ ಮತ್ತೆ ಮತ್ತೆ ಸ್ಪರ್ಧಿಸಿ 1922ರಲ್ಲಿ ಗೆದ್ದರು. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಚರ್ಚಿಲ್ ನಾಲ್ಕನೆಯ ಸ್ಥಾನಕ್ಕೆ ಇಳಿದರು. ಯುದ್ಧಾನಂತರದ ನಿರುದ್ಯೋಗದಿಂದ ಬೇಸತ್ತಿದ್ದ ಗಿರಣಿ ಕಾರ್ಮಿಕರ ಸಿಟ್ಟು ಅದರಲ್ಲಿತ್ತು. ಅದು ಇಬ್ಬರು ಸದಸ್ಯರನ್ನು ಆರಿಸುವ ಕ್ಷೇತ್ರವಾಗಿತ್ತು, ಮತ್ತು ಎರಡನೆಯ ಸ್ಥಾನವನ್ನು ಗೆದ್ದವರು ಲೇಬರ್ ಪಕ್ಷದ ಇ. ಡಿ. ಮೊರೆಲ್. ಬೆಲ್ಜಿಯಂ ದೊರೆ ಲಿಯೊಪೋಲ್ಡನ ಆಳ್ವಿಕೆಯಲ್ಲಿ ಕಾಂಗೋದ ರಬ್ಬರ್ ಕಾಡುಗಳಲ್ಲಿ ನಡೆದ ಕ್ರೌರ್ಯವನ್ನು ಜಗತ್ತಿನ ಮುಂದಿಟ್ಟ ಮೊರೆಲ್ ಇವರೇ. ನಕಾಶೆಯವರ ಪಟ್ಟಿಗೆ ಇನ್ನೊಂದು ವಿಷಯ ಸೇರಿತು!

ಹಳೆಯ ನಕಾಶೆ:

ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಹೆಸರು ಮೂರು ಬಗೆಯಲ್ಲಿ ಬರುತ್ತದೆಂದು ಗುರುತು ಹಾಕಿಕೊಳ್ಳುತ್ತೇನೆ: ಊರೇ ಮಾಡಿದ ಕೆಲಸ, ಊರಿಗೆ ಬಂದು ಹೋದವರು, ಊರಿನಿಂದ ಎರವಲು ಹೋದ ಹೆಸರು. ಇನ್ನೆರಡು ಉಳಿದಿವೆ. ಖಗೋಳಶಾಸ್ತ್ರದ ವಿಲಿಯಮೀನಾ ಫ್ಲೆಮಿಂಗ್ ಮತ್ತು 1879ರ ಸೇತುವೆ ದುರಂತವನ್ನು ಎಲ್ಲಿ ಇಡಬೇಕು?

ಬಂದರುಕಟ್ಟೆ:

ಫ್ಲೆಮಿಂಗ್ ನಿಮ್ಮ ಮೂರರಲ್ಲಿ ಯಾವುದಕ್ಕೂ ಒಗ್ಗುವುದಿಲ್ಲ. 1857ರಲ್ಲಿ ಡಂಡೀಯಲ್ಲಿ ಹುಟ್ಟಿ, ಅಲ್ಲಿಯೇ ಪಾಠ ಹೇಳಿ, ಅಮೆರಿಕಕ್ಕೆ ಹೋದ ಮೇಲೆ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಪಿಕರಿಂಗ್ ಅವರ ಮನೆಗೆಲಸಕ್ಕೆ ಸೇರಿದವರು ಅವರು. 1888ರಲ್ಲಿ ಛಾಯಾಫಲಕವೊಂದರಲ್ಲಿ ಕುದುರೆತಲೆ ನೀಹಾರಿಕೆಯನ್ನು ಗುರುತಿಸಿದ್ದು ಹಾರ್ವರ್ಡ್‌ನಲ್ಲಿ. ಡಂಡೀ ಅವರ ಹುಟ್ಟೂರು, ಅಷ್ಟೇ.

ಸೇತುವೆ ಮಾತ್ರ ಪೂರ್ತಿ ಊರಿನದು. ಥಾಮಸ್ ಬೌಚ್ ವಿನ್ಯಾಸಗೊಳಿಸಿದ ಟೇ ಸೇತುವೆ 1878ರಲ್ಲಿ ತೆರೆಯಿತು. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಯಲ್ಲಿ ಅದರ ನಡುಭಾಗ ಕುಸಿದು, ದಾಟುತ್ತಿದ್ದ ರೈಲು ನದಿಗೆ ಬಿತ್ತು. ಒಬ್ಬರೂ ಬದುಕಲಿಲ್ಲ. ಸೇತುವೆಗೆ ಗಾಳಿಯ ಒತ್ತಡವನ್ನು ಲೆಕ್ಕ ಹಾಕುವ ರೀತಿ ಬದಲಾಗಲು ಇದು ಕಾರಣವಾದ್ದರಿಂದ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಡಂಡೀ ಇಂದಿಗೂ ಬರುತ್ತದೆ. ಫೋರ್ತ್ ನದಿಗೆ ಬೌಚ್ ಮಾಡಿದ್ದ ವಿನ್ಯಾಸವನ್ನು ಕೈಬಿಡಲಾಯಿತು. 1890ರಲ್ಲಿ ಮುಗಿದ ಫೋರ್ತ್ ಸೇತುವೆ ಅಷ್ಟು ಭಾರಿಯಾಗಿ ಕಾಣುವುದಕ್ಕೆ ಟೇ ನದಿಯ ಆ ರಾತ್ರಿಯೂ ಕಾರಣ. ಅಂದು ನೀರಿಗೆ ಬಿದ್ದ ಎಂಜಿನನ್ನು ಮೇಲೆತ್ತಿ, ದುರಸ್ತಿ ಮಾಡಿ, ಮತ್ತೆ ಹಳಿಗೆ ಬಿಟ್ಟರು. ರೈಲ್ವೆಯವರು ಅದಕ್ಕೆ ‘ಮುಳುಗುಗಾರ’ ಎಂಬ ಅಡ್ಡಹೆಸರನ್ನೂ ಇಟ್ಟರು.