ಆಲ್ಡಿಹೈಡ್ ಸಿ-16: ಕನ್ನಡದ ಲೇಬಲ್ಲಿನಲ್ಲಿ ಏನು ಬರೆಯಬೇಕು?

ಪ್ರಶ್ನೆ, ವಿಜಯಪುರದಿಂದ:

ಎಲ್ಲರಿಗೂ ನಮಸ್ಕಾರ. ಊದಿನಕಡ್ಡಿ ಘಟಕವೊಂದರ ಕೆಲಸಗಾರರಿಗಾಗಿ ರಾಸಾಯನಿಕಗಳ ಸುರಕ್ಷತಾ ಹಾಳೆಗಳನ್ನು ಕನ್ನಡಕ್ಕೆ ತರಲಾಗುತ್ತಿದೆ. ಒಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಆಲ್ಡಿಹೈಡ್ ಸಿ-16’ ಎಂದಿದೆ, ಕೆಳಗೆ ಸಣ್ಣಗೆ ‘ಈಥೈಲ್ ಮೀಥೈಲ್ ಫೀನೈಲ್ ಗ್ಲೈಸಿಡೇಟ್’. ಕೆಲಸಗಾರರ ಬಾಯಲ್ಲಿ ಅದು ‘ಸ್ಟ್ರಾಬೆರಿ ಸೆಂಟ’. ಮೊದಲ ಕರಡಿನಲ್ಲಿ ‘ಹದಿನಾರು ಇಂಗಾಲದ ಆಲ್ಡಿಹೈಡ್’ ಎಂದಿತ್ತು. ತಿದ್ದಿದವರು ಅದನ್ನು ಹೊಡೆದುಹಾಕಿ, ‘ಸಿಂಥೆಟಿಕ್ ಎಸ್ಟರ್’ ಎಂಬ ಅರ್ಥದಲ್ಲಿ ‘ಕೃತಕ ಫಲಗಂಧಿ’ ಎಂದು ಬರೆದಿದ್ದಾರೆ. ಯಾವುದು ಸರಿ? ಎಸ್ಟರ್‌ಗೆ ಕನ್ನಡದ್ದೇ ಪದ ಬಳಸಬಹುದೇ? ಸಿಂಥೆಟಿಕ್ ಅಂದರೆ ಕೃತಕವೋ, ಸಂಶ್ಲೇಷಿತವೋ?

ಉತ್ತರ, ಬೆಳಗಾವಿಯಿಂದ:

ಎರಡೂ ಬೇಡ ಸರ್. ಮೊದಲನೆಯದಂತೂ ಅಪಾಯಕಾರಿ. ಆ ಡಬ್ಬಿಯಲ್ಲಿರುವುದು ಆಲ್ಡಿಹೈಡ್ (ತುದಿಯಲ್ಲಿ CHO ಗುಂಪಿರುವ ಅಣು) ಅಲ್ಲ, ಅದರಲ್ಲಿ ಹದಿನಾರು ಇಂಗಾಲವೂ ಇಲ್ಲ. ಒಂದು ಅಣುವಿನಲ್ಲಿ 12 ಇಂಗಾಲ, 14 ಜಲಜನಕ, 3 ಆಮ್ಲಜನಕ. ಅಣುತೂಕ ಸುಮಾರು 206. ಜಾತಿಯಿಂದ ಅದು ಎಸ್ಟರ್, ಅಂದರೆ ಆಮ್ಲ ಮತ್ತು ಆಲ್ಕೊಹಾಲ್ ಕೂಡಿ ಆಗುವ ಬಗೆಯ ಅಣು. ಜೊತೆಗೆ ಮೂರು ಮೂಲೆಯ ಎಪಾಕ್ಸೈಡ್ ಉಂಗುರವೊಂದು ಅಂಟಿಕೊಂಡಿದೆ. ಅಸಿಟೋಫೀನೋನ್ ಮತ್ತು ಈಥೈಲ್ ಕ್ಲೋರೋಅಸಿಟೇಟ್ ಎರಡನ್ನೂ ನೀರಿನ ಸೋಂಕಿಲ್ಲದೆ, ಸೋಡಿಯಂ ಈಥಾಕ್ಸೈಡ್‌ನಂಥ ಬಲವಾದ ಪ್ರತ್ಯಾಮ್ಲದೊಂದಿಗೆ ಕೂಡಿಸಿದರೆ ಕ್ಲೋರಿನ್ ಉಪ್ಪಾಗಿ ಹೊರಬಿದ್ದು ಆ ಉಂಗುರ ಮುಚ್ಚಿಕೊಳ್ಳುತ್ತದೆ. 1904ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಡಾರ್ಜೆನ್ಸ್ ಪ್ರಕಟಿಸಿದ ಕ್ರಿಯೆ ಇದು, ಇಂದಿಗೂ ಇದೇ ದಾರಿ.

ಹಾಗಾದರೆ ಆ ಹೆಸರೇಕೆ? ಸುಗಂಧ ವ್ಯಾಪಾರದವರು ತಮ್ಮ ಸರಕಿನ ಗುಟ್ಟು ಬಿಟ್ಟುಕೊಡದ ಹೆಸರುಗಳನ್ನೇ ಇಡುತ್ತಿದ್ದರು. ಸಿ-10, ಸಿ-12ರಂಥವು ನಿಜವಾದ ಆಲ್ಡಿಹೈಡ್‌ಗಳು. 1921ರ ಶನೆಲ್ ನಂಬರ್ 5 ಎಂಬ ಸೆಂಟು ಅವುಗಳಿಂದಲೇ ಪ್ರಸಿದ್ಧ. ಅದೇ ಸಾಲಿಗೆ ಹಣ್ಣಿನ ವಾಸನೆಯ ಮೂರು ಬೇರೆ ಸರಕುಗಳನ್ನೂ ತಂದು ಸೇರಿಸಿದರು. ಪೀಚ್ ವಾಸನೆಯ ‘ಸಿ-14’ರಲ್ಲಿ ಇರುವುದು 11 ಇಂಗಾಲ, ತೆಂಗಿನಕಾಯಿ ವಾಸನೆಯ ‘ಸಿ-18’ರಲ್ಲಿ 9. ಆ ಎರಡೂ ಲ್ಯಾಕ್ಟೋನ್‌ಗಳು, ಅಂದರೆ ತನ್ನೊಳಗೇ ಉಂಗುರವಾಗಿ ಮಡಚಿಕೊಂಡ ಎಸ್ಟರ್‌ಗಳು. ನಮ್ಮ ಸ್ಟ್ರಾಬೆರಿಯದು ಸಿ-16. ಅಂಕಿಗೂ ಅಣುವಿಗೂ ಸಂಬಂಧವಿಲ್ಲ. ಹೀಗಾಗಿ ‘ಹದಿನಾರು ಇಂಗಾಲದ ಆಲ್ಡಿಹೈಡ್’ ಎಂದು ಬರೆದರೆ ಅದು ಹೆಕ್ಸಾಡೆಕನಾಲ್ (hexadecanal) ಎಂಬ ಬೇರೆಯೇ ಪದಾರ್ಥವಾಗುತ್ತದೆ. ಅದರಲ್ಲಿ ಸ್ಟ್ರಾಬೆರಿಯ ಸುಳಿವೂ ಇಲ್ಲ.

ಕೆಲಸದ ಜಾಗದಲ್ಲಿ ಈ ತಪ್ಪಿನಿಂದ ಆಗುವುದು ಇಷ್ಟು. ಆಲ್ಡಿಹೈಡ್‌ಗಳನ್ನು ಮೀಥೈಲ್ ಆಂತ್ರನಿಲೇಟ್ ಜೊತೆ ಕೂಡಿಸಿಟ್ಟರೆ ಎರಡೂ ಒಂದಾಗಿ ನೀರು ಬಿಟ್ಟು, ಮಿಶ್ರಣ ಹಳದಿ, ಕಿತ್ತಳೆ ಬಣ್ಣಕ್ಕೆ ತಿರುಗಿ ದಪ್ಪವಾಗುತ್ತದೆ. (ಕಡ್ಡಿಗಳಲ್ಲಿ ‘ದ್ರಾಕ್ಷಿ ಸೆಂಟ’ ಅನ್ನುವುದು ಈ ಆಂತ್ರನಿಲೇಟ್. ಅದು ಅಮೆರಿಕದ ಕಾಂಕಾರ್ಡ್ ದ್ರಾಕ್ಷಿಯ ವಾಸನೆ. ವಿಜಯಪುರದ ಥಾಮ್ಸನ್ ದ್ರಾಕ್ಷಿಯನ್ನು ಎಷ್ಟು ಮೂಸಿದರೂ ಅದು ಸಿಗದು.) ಸಿ-16ಕ್ಕೆ ಈ ಗುಣವಿಲ್ಲ. ಹೆಸರು ನಂಬಿದವರು ಅದನ್ನು ಸುಮ್ಮನೆ ದೂರ ಇಡುತ್ತಾರೆ, ಅದಾದರೂ ಸಣ್ಣ ನಷ್ಟ. ದೊಡ್ಡದು ಇನ್ನೊಂದು: ಎಸ್ಟರ್ ಎಂದು ಗೊತ್ತಿಲ್ಲದೆ ಇದನ್ನು ಕಾಸ್ಟಿಕ್ ಸೋಡಾ ಇನ್ನೂ ಉಳಿದಿರುವ ಹಸಿ ಸೋಪಿಗೆ ಸುರಿಯುವುದು. ಅಲ್ಲಿ ಸಾಬೂನೀಕರಣ ನಡೆದು ಎಸ್ಟರ್ ಒಡೆಯುತ್ತದೆ, ಹಣ್ಣಿನ ವಾಸನೆ ಕುಂದುತ್ತದೆ. ಲೆಕ್ಕ ಹೇಳಬೇಕೆಂದರೆ 1 ಗ್ರಾಂ ಸಿ-16 ಸುಮಾರು 272 ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ತಿಂದುಹಾಕುತ್ತದೆ.

ಇದರಲ್ಲೊಂದು ತಮಾಷೆಯೂ ಇದೆ. ಹಾಗೆ ಒಡೆದುಬಂದ ಗ್ಲೈಸಿಡಿಕ್ ಆಮ್ಲದ ಉಪ್ಪನ್ನು ಆಮ್ಲೀಯಗೊಳಿಸಿ ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹೋಗಿ 2-ಫೀನೈಲ್ ಪ್ರೊಪನಾಲ್ (2-phenylpropanal) ಉಳಿಯುತ್ತದೆ. ಅದು ಅಪ್ಪಟ ಆಲ್ಡಿಹೈಡ್! ವಾಸನೆ ಮಾತ್ರ ಹಸಿ ಹೂದಂಟು ಹಿಸುಕಿದಂತೆ. ‘ಆಲ್ಡಿಹೈಡ್’ ಎಂಬ ಹೆಸರಿಗೆ ಈ ಸರಕು ತಕ್ಕುದಾಗುವುದು ಕೆಟ್ಟ ಮೇಲೆಯೇ.

ಉತ್ತರ, ಬಾಗಲಕೋಟೆಯಿಂದ:

ಮೇಲಿನದಕ್ಕೆ ಒಪ್ಪಿಗೆ. ‘ಫಲಗಂಧಿ’ ಬಗ್ಗೆ ಎರಡು ಮಾತು. ಕೇಳಲು ಇಂಪಾಗಿದೆ, ಆದರೆ ಎಸ್ಟರ್ ಅನ್ನುವುದು ವಾಸನೆಯ ಹೆಸರಲ್ಲ, ಅಣುವಿನ ಕಟ್ಟಿನ ಹೆಸರು. ಊದಿನಕಡ್ಡಿಯ ಸೆಂಟು ತೆಳುವಾಗಿಸಲು ಬಳಸುವ ಡಿಇಪಿ, ಅಂದರೆ ಡೈಈಥೈಲ್ ಥ್ಯಾಲೇಟ್, ಅದೂ ಎಸ್ಟರೇ. ವಾಸನೆ ಇಲ್ಲವೆಂದೇ ಅದನ್ನು ಬಳಸುವುದು. ನಮ್ಮ ಶೇಂಗಾ ಎಣ್ಣೆ, ಕುಸುಬಿ ಎಣ್ಣೆಯೂ ಗ್ಲಿಸರಿನ್‌ನ ಎಸ್ಟರ್‌ಗಳು. ಅವನ್ನೆಲ್ಲ ಫಲಗಂಧಿ ಅನ್ನಲಾದೀತೇ? ಶಾಲೆಯ ಪಠ್ಯದಲ್ಲಿ ‘ಎಸ್ಟರ್’, ‘ಎಸ್ಟರೀಕರಣ’ ಬಂದು ಕೂತಿವೆ. ಅದನ್ನು ಕದಲಿಸುವ ಅಗತ್ಯ ಕಾಣುವುದಿಲ್ಲ.

ಕೃತಕ, ಸಂಶ್ಲೇಷಿತ ಎರಡೂ ಬೇಕು, ಬೇರೆಬೇರೆ ಕಡೆ. ಆಹಾರದ ಫ್ಲೇವರುಗಳಿಗೆ 2011ರ ಕೇಂದ್ರ ನಿಯಮಗಳು ನೈಸರ್ಗಿಕ, ನಿಸರ್ಗಸಮಾನ, ಕೃತಕ ಎಂದು ಮೂರು ವರ್ಗ ಮಾಡಿದ್ದವು. ಬಾಳೆಹಣ್ಣಿನ ವಾಸನೆಯ ಐಸೋಅಮೈಲ್ ಅಸಿಟೇಟನ್ನು ಕಾರ್ಖಾನೆಯಲ್ಲೇ ಮಾಡಿದರೂ ಅದೇ ಅಣು ಬಾಳೆಹಣ್ಣಿನಲ್ಲೂ ಇದೆ. ಅದು ಸಂಶ್ಲೇಷಿತ ಹೌದು, ವರ್ಗ ಮಾತ್ರ ನಿಸರ್ಗಸಮಾನ. ಸಿ-16 ಹಾಗಲ್ಲ. ಸ್ಟ್ರಾಬೆರಿಗೆ ಅದರ ವಾಸನೆ ಕೊಡುವುದು ಫ್ಯುರಾನಿಯಾಲ್, ಈಥೈಲ್ ಬ್ಯುಟಿರೇಟ್, ಮೀಥೈಲ್ ಸಿನಮೇಟ್ ಮೊದಲಾದವು ಸೇರಿ. ಈ ಗ್ಲೈಸಿಡೇಟಿನ ಪಾತ್ರ ಅಲ್ಲಿಲ್ಲ. ಆದ್ದರಿಂದ ಇದು ಸಂಶ್ಲೇಷಿತವೂ ಹೌದು, ಕೃತಕವೂ ಹೌದು. ಮಾಡಿದ ರೀತಿ ಹೇಳುವಾಗ ಸಂಶ್ಲೇಷಿತ ಅನ್ನಿ, ಹಣ್ಣಿನಲ್ಲಿ ಇಲ್ಲದ್ದು ಎಂದು ಹೇಳುವಾಗ ಕೃತಕ ಅನ್ನಿ.

ಮರುಪ್ರಶ್ನೆ, ವಿಜಯಪುರದಿಂದ:

ತುಂಬ ಉಪಕಾರ ಆಯ್ತ್ರಿ. ಲೇಬಲ್ಲಿನಲ್ಲಿ ಜಾಗ ಕಡಿಮೆ. ‘ಈಥೈಲ್ ಫೀನೈಲ್ ಗ್ಲೈಸಿಡೇಟ್’ ಎಂದು ಚಿಕ್ಕದು ಮಾಡಬಹುದೇ? ಹಾಳೆಯಲ್ಲಿ ಬಳಕೆಯ ಪ್ರಮಾಣಕ್ಕೂ ನಾಲ್ಕು ಸಾಲು ಬೇಕು.

ಉತ್ತರ, ಬೆಳಗಾವಿಯಿಂದ:

‘ಮೀಥೈಲ್’ ಮಾತ್ರ ಬಿಡಬೇಡಿ. ಅದು ಇಲ್ಲದ ಈಥೈಲ್ ಫೀನೈಲ್ ಗ್ಲೈಸಿಡೇಟ್ ಎಂಬುದು ಪ್ರತ್ಯೇಕ ಸರಕು, ಅದೂ ಸ್ಟ್ರಾಬೆರಿಯಂತೆಯೇ ಘಮಿಸುವುದರಿಂದ ಅದಲುಬದಲಾದರೆ ಮೂಗಿಗೆ ಬೇಗ ತಿಳಿಯದು. ‘ಗ್ಲೈಸಿಡೇಟ್’ ಹೋಗಿ ‘ಗ್ಲಿಸರೇಟ್’ ಆಗದಂತೆಯೂ ನೋಡಿಕೊಳ್ಳಿ. ಹೆಸರಿನ ಪಕ್ಕ ಕ್ಯಾಸ್ (CAS) ಸಂಖ್ಯೆ, ಅಂದರೆ ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ, ಹಾಕಿಬಿಡಿ: 77-83-8. ಖರೀದಿ ಪಟ್ಟಿಯಲ್ಲಿ ಯಾವ ಹೆಸರಿದ್ದರೂ ಇದು ಹೊಂದಿದರೆ ಸರಿ. ವ್ಯಾಪಾರದ ಹೆಸರನ್ನು ಅನುವಾದಿಸದೆ ಉದ್ಧರಣ ಚಿಹ್ನೆಯೊಳಗೆ ಇಟ್ಟು, ಮುಂದೆ ‘ಎಂಬ ಹೆಸರಿನ’ ಎಂದು ಸೇರಿಸಿದರೆ ಓದುಗನಿಗೆ ಎಚ್ಚರಿಕೆಯೂ ಸಿಕ್ಕಂತಾಯಿತು.

ಬಳಕೆ: ನೇರ ಡಬ್ಬಿಯಿಂದ ಮೂಸಿದರೆ ಮೂಗು ಮಂಕಾಗಿ ಏನೂ ತಿಳಿಯುವುದಿಲ್ಲ. 10 ಗ್ರಾಂ ಸರಕನ್ನು 90 ಗ್ರಾಂ ಡಿಇಪಿಯಲ್ಲಿ ಕರಗಿಸಿ, ಕಾಗದದ ಪಟ್ಟಿ ಅದ್ದಿ ನೋಡಬೇಕು. ಅಳತೆ ತಕ್ಕಡಿಯಲ್ಲೇ ಆಗಲಿ. ಇದು ನೀರಿಗಿಂತ ಭಾರ, 10 ಮಿಲಿ ತೂಗಿದರೆ ಹತ್ತಿರಹತ್ತಿರ 10.9 ಗ್ರಾಂ. ಪೂರ್ತಿ ಸೆಂಟಿನಲ್ಲಿ ಶೇ. 1ರಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಏರಿಸುವುದು ಒಳ್ಳೆಯದು. ಹೆಚ್ಚಾದರೆ ಹಣ್ಣು ಹೋಗಿ ಜಾಮಿನ ಡಬ್ಬಿ ತೆರೆದಂತಾಗುತ್ತದೆ.

ತಾಜಾ ಹಣ್ಣಿನ ಭಾವಕ್ಕೆ ಹನಿಯಷ್ಟು ಈಥೈಲ್ ಬ್ಯುಟಿರೇಟ್ ಸೇರಿಸುವುದುಂಟು. ಅದರ ಕುದಿಬಿಂದು 121 ಡಿಗ್ರಿ ಸೆಲ್ಸಿಯಸ್, ಸಿ-16ರದು 270 ದಾಟುತ್ತದೆ. ಅದ್ದಿದ ಕಡ್ಡಿಗಳನ್ನು ಬಿಸಿಲಲ್ಲಿ ಹರವಿದರೆ ಮೊದಲನೆಯದು ಪೊಟ್ಟಣ ಸೇರುವ ಮುನ್ನವೇ ಹಾರಿಹೋಗಿ ಜಾಮಷ್ಟೇ ಉಳಿಯುತ್ತದೆ. ನೆರಳಲ್ಲಿ ಒಣಗಿಸಿ ಬೇಗ ಪೊಟ್ಟಣ ಕಟ್ಟಬೇಕು. ಮಿಶ್ರಣ ಕಂದಾದರೆ ಸಿ-16ನ್ನು ದೂರುವ ಮೊದಲು ಅದರಲ್ಲಿ ವ್ಯಾನಿಲಿನ್ ಇದೆಯೇ ನೋಡಿ. ಅದು ನಿಜವಾದ ಆಲ್ಡಿಹೈಡ್, ಬಣ್ಣ ಬಿಡುವುದು ಸಾಮಾನ್ಯವಾಗಿ ಅದೇ.

ಲೇಬಲ್ಲಿಗೆ ಹೀಗೆ ಬರೆಯಬಹುದು: ‘ಆಲ್ಡಿಹೈಡ್ ಸಿ-16’ ಎಂಬ ಹೆಸರಿನ ಸಂಶ್ಲೇಷಿತ ಎಸ್ಟರ್. ಈಥೈಲ್ ಮೀಥೈಲ್ ಫೀನೈಲ್ ಗ್ಲೈಸಿಡೇಟ್, ಕ್ಯಾಸ್ 77-83-8. ಸ್ಟ್ರಾಬೆರಿ ವಾಸನೆ. ಸುಗಂಧಕ್ಕೆ ಮಾತ್ರ, ತಿನ್ನುವ ಪದಾರ್ಥಕ್ಕೆ ಅಲ್ಲ. ಕ್ಷಾರ ಮತ್ತು ಬಲವಾದ ಆಮ್ಲದಿಂದ ದೂರವಿಡಿ. ಮುಚ್ಚಳ ಬಿಗಿದು ತಂಪಾದ, ಕತ್ತಲಿನ ಜಾಗದಲ್ಲಿಡಿ.

ಕೆಳಗೆ ಬೇಕಾದರೆ ‘ಸ್ಟ್ರಾಬೆರಿ ಸೆಂಟ’ ಎಂದೂ ಬರೆಸಿ ಸರ್. ಡಬ್ಬಿ ಎತ್ತುವವರು ಹುಡುಕುವುದು ಆ ಹೆಸರನ್ನೇ.